ವಿದೇಶದ ಸಂಶಯಾಸ್ಪದ ಶಾಲೆಯಲ್ಲಿ ಶಿಕ್ಷಕ ಹುದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶದ ಶಾಲೆಯಿಂದ ಕರೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಸಂಬಳದ ಅಂಕಿ. ಆದರೆ ಕೆಟ್ಟ ಶಾಲೆಗೆ ಹೋಗಿ ಸಿಕ್ಕಿಕೊಂಡವರ ತೊಂದರೆಗಳ ಬೇರು ಹುಡುಕಿದರೆ, ಅದು ಸಂಬಳಕ್ಕಿಂತ ಹೆಚ್ಚಾಗಿ ವೀಸಾ, ಒಪ್ಪಂದ ಮತ್ತು ವಸತಿ ಮೂರೂ ಒಬ್ಬನೇ ಮಾಲೀಕನ ಕೈಯಲ್ಲಿರುವುದರಲ್ಲಿ ಸಿಗುತ್ತದೆ. ಹೊರಡುವ ಮುನ್ನ ನಿಮಗಿರುವ ಚೌಕಾಸಿಯ ಬಲ ಅಲ್ಲಿ ಇಳಿದ ಮೇಲೆ ಉಳಿಯುವುದಿಲ್ಲವಾದ್ದರಿಂದ ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು ಹೊರಡುವ ಮೊದಲು ಮಾಡಬೇಕಾದ ಕೆಲಸಗಳನ್ನು ಕುರಿತಿವೆ. ಇಲ್ಲಿ ಹೆಸರಿಸಿದ ಕಾನೂನುಗಳು ಉದಾಹರಣೆಗಳು ಮಾತ್ರ. ನೀವು ಹೋಗಲಿರುವ ದೇಶದ ಈಗಿನ ನಿಯಮವನ್ನು ಅಲ್ಲಿನ ಸರ್ಕಾರಿ ಜಾಲತಾಣದಲ್ಲಿಯೇ ನೋಡಿಕೊಳ್ಳಬೇಕು.

ಯಾವ ಶಾಲೆಯನ್ನು ಸಂಶಯಾಸ್ಪದ ಎನ್ನಬೇಕು? ಸೌಲಭ್ಯ ಕಡಿಮೆ ಇದ್ದರೆ ಸಾಕೇ?

ಸಾಲದು. ಹಳೆಯ ಕಟ್ಟಡದಲ್ಲಿ ನಡೆಯುವ, ಪುಸ್ತಕ ಸಾಲದೆ ಪರದಾಡುವ, ಆದರೂ ತಿಂಗಳ ಕೊನೆಗೆ ಹೇಳಿದ ಸಂಬಳವನ್ನು ಹೇಳಿದ ದಿನವೇ ಕೊಡುವ ಶಾಲೆಗಳು ಎಲ್ಲ ದೇಶಗಳಲ್ಲೂ ಇವೆ, ಅಂಥ ಕಡೆ ಕೆಲಸ ಮಾಡಿದವರು ಸಂತೋಷದಿಂದಲೇ ಹಿಂದಿರುಗುತ್ತಾರೆ. ಇದಕ್ಕೆ ಪ್ರತಿಯಾಗಿ, ಹೊಳೆಯುವ ಗಾಜಿನ ಕಟ್ಟಡವೂ ಈಜುಕೊಳವೂ ಇರುವ ಶಾಲೆ ಪ್ರತಿ ವರ್ಷ ಅರ್ಧಕ್ಕರ್ಧ ಶಿಕ್ಷಕರನ್ನು ಕಳೆದುಕೊಳ್ಳುತ್ತಿರಬಹುದು. ಬರೆದುಕೊಟ್ಟ ಮಾತನ್ನು ಮುರಿಯುವುದು, ಕಾನೂನುಬದ್ಧ ಪರವಾನಗಿಯಿಲ್ಲದೆ ಕೆಲಸ ಮಾಡಿಸುವುದು, ಶಿಕ್ಷಕರ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು, ಬಿಟ್ಟುಹೋಗುವವರನ್ನು ಹಣದಿಂದಲೋ ಬೆದರಿಕೆಯಿಂದಲೋ ತಡೆಯುವುದು: ಈ ನಾಲ್ಕರಲ್ಲಿ ಒಂದು ಕಂಡರೂ ಆ ಶಾಲೆಯನ್ನು ಸಂಶಯದಿಂದ ನೋಡಬೇಕು. ಹೆಸರಿನಲ್ಲಿರುವ ‘ಇಂಟರ್‌ನ್ಯಾಷನಲ್’ ಎಂಬ ಪದಕ್ಕೆ ಬಹಳಷ್ಟು ದೇಶಗಳಲ್ಲಿ ಕಾನೂನಿನ ರಕ್ಷಣೆಯಿಲ್ಲ. ಫಲಕ ಬರೆಸುವ ಯಾರು ಬೇಕಾದರೂ ಅದನ್ನು ಸೇರಿಸಿಕೊಳ್ಳಬಹುದು.

ಸಂಬಳ ಸ್ವಲ್ಪ ಕಡಿಮೆ ಬಂದೀತು, ಅದಕ್ಕಿಂತ ದೊಡ್ಡ ಅಪಾಯ ಏನಿದೆ?

ತನ್ನ ಊರಿನಲ್ಲಿ ಕೆಲಸ ಕಳೆದುಕೊಂಡವನಿಗೆ ಕಡೆಯ ಪಕ್ಷ ಮನೆ ಇರುತ್ತದೆ, ಮರುದಿನ ಬೇರೆ ಕೆಲಸಕ್ಕೆ ಅರ್ಜಿ ಹಾಕುವ ಹಕ್ಕೂ ಇರುತ್ತದೆ. ವಿದೇಶದ ಶಿಕ್ಷಕರ ವಾಸದ ಅನುಮತಿ ಸಾಮಾನ್ಯವಾಗಿ ಅವರನ್ನು ಕರೆಸಿಕೊಂಡ ಶಾಲೆಗೇ ಅಂಟಿಕೊಂಡಿರುತ್ತದೆ. ಕೆಲಸ ಹೋದ ದಿನದಿಂದಲೇ ದೇಶ ಬಿಡುವ ಗಡುವು ಎಣಿಸತೊಡಗುತ್ತದೆ. ಬ್ರಿಟನ್ನಿನಲ್ಲಿ ಪ್ರಾಯೋಜಕ ಸಂಸ್ಥೆಯ, ಅಂದರೆ ವೀಸಾಕ್ಕೆ ಹೊಣೆಯಾಗಿ ಕರೆಸಿಕೊಂಡ ಸಂಸ್ಥೆಯ, ಪರವಾನಗಿ ರದ್ದಾದರೆ ಅಲ್ಲಿನ ಉದ್ಯೋಗಿಗೆ ಬೇರೆ ಪ್ರಾಯೋಜಕನನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಅಷ್ಟೂ ಕೊಡದ ದೇಶಗಳಿವೆ. ಶಾಲೆಯೇ ಕೊಟ್ಟ ಮನೆಯಾದರೆ ಅದನ್ನೂ ಖಾಲಿ ಮಾಡಬೇಕು. ಕೆಲಸ, ಸೂರು, ವಾಸದ ಹಕ್ಕು ಮೂರೂ ಒಂದೇ ವಾರದಲ್ಲಿ ಹೋಗಬಹುದೆಂಬ ಭಯದಿಂದಲೇ ಶಿಕ್ಷಕರು ಸಂಬಳ ತಡವಾದರೂ, ಭಾನುವಾರ ಕರೆದರೂ, ತಮ್ಮದಲ್ಲದ ವಿಷಯ ಕಲಿಸಲು ಹೇಳಿದರೂ ಸುಮ್ಮನಿರುತ್ತಾರೆ. ಕೆಟ್ಟ ಆಡಳಿತ ಈ ಮೌನವನ್ನು ಚೆನ್ನಾಗಿ ಬಲ್ಲದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಬಲವಂತದ ದುಡಿಮೆಯನ್ನು ಗುರುತಿಸಲು 11 ಸೂಚಕಗಳನ್ನು ಪಟ್ಟಿ ಮಾಡಿದೆ. ಮೋಸದ ಭರವಸೆ, ಗುರುತಿನ ದಾಖಲೆಗಳ ವಶ, ಸಂಬಳ ತಡೆ, ಸಾಲದ ಬಂಧ, ಬೆದರಿಕೆ, ಅತಿಯಾದ ದುಡಿಮೆ ಇವೆಲ್ಲ ಅದರಲ್ಲಿವೆ. ಪದವಿ ಪಡೆದು ಟೈ ಕಟ್ಟಿಕೊಂಡು ಪಾಠ ಮಾಡುವ ತಮಗೆ ಆ ಪಟ್ಟಿ ಅನ್ವಯಿಸದೆಂದು ಹಲವು ಶಿಕ್ಷಕರು ಭಾವಿಸುತ್ತಾರೆ. ಪಟ್ಟಿಯಲ್ಲಿ ವಿದ್ಯಾರ್ಹತೆಯ ಪ್ರಸ್ತಾಪವೇ ಇಲ್ಲ.

‘ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸಿಕೊಡುತ್ತೇವೆ’ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಒಪ್ಪಬಾರದು. ಈ ಇಡೀ ಪುಟದಲ್ಲಿ ಯಾವ ವಿನಾಯಿತಿಯ ಮಾತನ್ನೂ ಸೇರಿಸದೆ ಕೊಡಬಹುದಾದ ಉತ್ತರ ಇದೊಂದೇ ಇರಬೇಕು. ಕೆಲವು ದೇಶಗಳಲ್ಲಿ ಒಳಗಿದ್ದುಕೊಂಡೇ ವೀಸಾದ ವರ್ಗ ಬದಲಾಯಿಸಲು ಅವಕಾಶವಿರುವುದು ನಿಜ, ಆದರೆ ಅನುಮತಿ ಕೈಗೆ ಬರುವವರೆಗೆ ತರಗತಿಗೆ ಕಾಲಿಡಲು ಅವಕಾಶವಿರುವುದಿಲ್ಲ. ಶಾಲೆಗಾದರೋ ನೀವು ಮರುದಿನವೇ ಪಾಠ ಶುರು ಮಾಡಬೇಕಾಗಿರುತ್ತದೆ.

ಚೀನಾದ ಉದಾಹರಣೆ ನೋಡಿ. ಅಲ್ಲಿ ಉದ್ಯೋಗಕ್ಕೆ ಹೋಗುವವರು ಝಡ್ ವರ್ಗದ ವೀಸಾದಲ್ಲಿ ಪ್ರವೇಶಿಸಿ, ಬಳಿಕ ಕೆಲಸದ ಪರವಾನಗಿ ಮತ್ತು ವಾಸದ ಪರವಾನಗಿ ಪಡೆಯಬೇಕು. ವ್ಯಾಪಾರ, ಭೇಟಿ ಅಥವಾ ಪ್ರವಾಸದ ವೀಸಾದಲ್ಲಿ ಪಾಠ ಮಾಡುವುದು ಅಕ್ರಮ. 2013ರ ಜುಲೈ 1ರಂದು ಜಾರಿಗೆ ಬಂದ ಅಲ್ಲಿನ ಪ್ರವೇಶ ಮತ್ತು ನಿರ್ಗಮನ ಕಾನೂನಿನ ಪ್ರಕಾರ ಅಕ್ರಮವಾಗಿ ಕೆಲಸ ಮಾಡಿದ ವಿದೇಶಿಯರಿಗೆ 5,000ದಿಂದ 20,000 ಯುವಾನ್ ದಂಡ ಬೀಳುತ್ತದೆ, ಪ್ರಕರಣ ಗಂಭೀರವೆನಿಸಿದರೆ 5ರಿಂದ 15 ದಿನ ಬಂಧನದಲ್ಲಿಡಬಹುದು, ದೇಶದಿಂದ ಹೊರಹಾಕಲೂಬಹುದು. ಶಾಲೆಗೂ ದಂಡವಿದೆ. ಆದರೆ ದಂಡ ಕಟ್ಟಿದ ಶಾಲೆ ಮರುದಿನ ಎಂದಿನಂತೆ ಬಾಗಿಲು ತೆರೆಯುತ್ತದೆ, ಶಿಕ್ಷಕರ ಪಾಸ್‌ಪೋರ್ಟಿನಲ್ಲಿ ಮಾತ್ರ ಗಡೀಪಾರಿನ ಮುದ್ರೆ ಉಳಿಯುತ್ತದೆ. ಅದು ಬೇರೆ ದೇಶಗಳ ವೀಸಾ ಅರ್ಜಿಗಳಲ್ಲೂ ಹಿಂಬಾಲಿಸುತ್ತದೆ.

ಥಾಯ್ಲೆಂಡಿನಂಥ ದೇಶಗಳಲ್ಲಿ ಈ ಚಾಳಿಗೆ ಇನ್ನೊಂದು ರೂಪವಿದೆ. ಶಿಕ್ಷಕರನ್ನು ಕೆಲವು ವಾರಗಳಿಗೊಮ್ಮೆ ಗಡಿಯಾಚೆ ಕಳುಹಿಸಿ, ಹೊಸ ಪ್ರವಾಸಿ ಮುದ್ರೆಯೊಂದಿಗೆ ಹಿಂದಕ್ಕೆ ಕರೆಸಿಕೊಳ್ಳುತ್ತಾರೆ. ಎಲ್ಲರೂ ಹಾಗೇ ಮಾಡುತ್ತಾರೆ ಎಂಬ ಸಮಾಧಾನದ ಮಾತು ಜೊತೆಗಿರುತ್ತದೆ. ಒಂದು ದಿನ ಗಡಿಯ ಅಧಿಕಾರಿ ಪ್ರವೇಶ ನಿರಾಕರಿಸಿದರೆ ನಿಮ್ಮ ಸಾಮಾನು, ಬಾಕಿ ಸಂಬಳ, ಮನೆಯ ಮುಂಗಡ ಎಲ್ಲವೂ ಆಚೆ ಬದಿಯಲ್ಲಿ ಉಳಿಯುತ್ತವೆ. ಅನಧಿಕೃತವಾಗಿ ಕೆಲಸ ಮಾಡಿದವರು ಬಾಕಿ ಸಂಬಳಕ್ಕಾಗಿ ಕಾರ್ಮಿಕ ಇಲಾಖೆಗೆ ಹೋಗಲು ಹಿಂಜರಿಯುತ್ತಾರೆ ಎಂಬುದೂ ಶಾಲೆಗೆ ಗೊತ್ತು.

ಏಜೆಂಟ್ ಕೆಲಸ ಕೊಡಿಸಲು ಹಣ ಕೇಳಿದರೆ ಕೊಡಬೇಕೇ?

ಒಳ್ಳೆಯ ನೇಮಕಾತಿ ಸಂಸ್ಥೆಗಳು ತಮ್ಮ ಶುಲ್ಕವನ್ನು ಶಾಲೆಯಿಂದ ವಸೂಲು ಮಾಡುತ್ತವೆ, ಅಭ್ಯರ್ಥಿಯಿಂದ ಪಡೆದರೂ ಅದು ಸಣ್ಣ ನೋಂದಣಿ ಶುಲ್ಕವಾಗಿರುತ್ತದೆ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಸಾಮಾನ್ಯ ನಿಯಮ. ಕೆಲವು ವಿನಾಯಿತಿಗಳಿಗೆ ಅದರಲ್ಲೇ ಅವಕಾಶವಿದೆ, ಒಪ್ಪಿದ ದೇಶಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ 2021ರ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿಯ ವೆಚ್ಚವನ್ನು ಉದ್ಯೋಗಿಯ ತಲೆಗೆ ಕಟ್ಟುವುದನ್ನು ನಿಷೇಧಿಸಿದೆ.

ಶಾಲೆ ಎಷ್ಟೇ ಸಾಚಾ ಆಗಿದ್ದರೂ ನಡುವಿನವರು ಹೇಗೆ ಹಾಳುಮಾಡಬಲ್ಲರೆಂಬುದಕ್ಕೆ ಅಮೆರಿಕದ ಲೂಯಿಸಿಯಾನಾ ಪ್ರಕರಣವನ್ನು ಓದಬೇಕು. 2007ರಿಂದ ಅಲ್ಲಿನ ಸರ್ಕಾರಿ ಶಾಲೆಗಳಿಗೆ ಫಿಲಿಪ್ಪೀನ್ಸ್‌ನಿಂದ ಸುಮಾರು 350 ಶಿಕ್ಷಕರನ್ನು ಕರೆಸಲಾಯಿತು. ಶಾಲೆಗಳು ನಿಜವಾದವು, ಹುದ್ದೆಗಳು ನಿಜವಾದವು, ವೀಸಾ ಕೂಡ ಅಸಲಿ. ಆದರೆ ನೇಮಕಾತಿ ಸಂಸ್ಥೆ ಪ್ರತಿಯೊಬ್ಬರಿಂದಲೂ ಸುಮಾರು 16,000 ಡಾಲರ್ ಪಡೆದಿತ್ತು, ಬಹುತೇಕರು ಅದಕ್ಕಾಗಿ ದುಬಾರಿ ಬಡ್ಡಿಯ ಸಾಲ ಮಾಡಿದ್ದರು, ಎರಡನೆಯ ವರ್ಷದ ಸಂಬಳದಲ್ಲೂ ಒಂದು ಪಾಲು ಕೊಡಬೇಕೆಂದು ಬರೆಸಿಕೊಳ್ಳಲಾಗಿತ್ತು. ಶಿಕ್ಷಕರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು, 2012ರ ಡಿಸೆಂಬರಿನಲ್ಲಿ ತೀರ್ಪುಗಾರರ ಮಂಡಲಿ 45 ಲಕ್ಷ ಡಾಲರ್ ಪರಿಹಾರ ವಿಧಿಸಿತು. ನೇಮಕಾತಿ ಶುರುವಾದಂದಿನಿಂದ ಗೆಲುವು ಸಿಗುವವರೆಗೆ ಐದು ವರ್ಷ ಹಿಡಿಯಿತು. ಅಷ್ಟು ಕಾಲ ಸಾಲದ ಬಡ್ಡಿ ನಿಂತಿರುವುದಿಲ್ಲ ಎಂಬುದನ್ನು ಹಣ ಕೊಡುವ ಮೊದಲು ಲೆಕ್ಕಹಾಕಿಕೊಳ್ಳಿ.

ವೀಸಾ ಶುಲ್ಕ, ವೈದ್ಯಕೀಯ ತಪಾಸಣೆ, ದಾಖಲೆಗಳ ದೃಢೀಕರಣ ಇವುಗಳಿಗೆ ಶಿಕ್ಷಕರೇ ಖರ್ಚು ಮಾಡಬೇಕಾದ ಸಂದರ್ಭಗಳಿವೆ. ಅಂಥ ಹಣವನ್ನು ಆಯಾ ಕಚೇರಿಗೇ ಕಟ್ಟಿ ರಸೀದಿ ಪಡೆಯಿರಿ. ಯಾರದೋ ವೈಯಕ್ತಿಕ ಖಾತೆಗೆ ‘ಪ್ರೊಸೆಸಿಂಗ್’ ಎಂದು ಹಣ ಹಾಕಲು ಹೇಳುವವರೊಂದಿಗೆ ವ್ಯವಹಾರ ಮುಂದುವರಿಸುವ ಅಗತ್ಯವಿಲ್ಲ.

ಆಫರ್ ಲೆಟರ್ ಬಂದಿದೆ. ಅದನ್ನೇ ಒಪ್ಪಂದ ಎಂದುಕೊಳ್ಳಬಹುದೇ?

ಆಫರ್ ಲೆಟರ್ ಸಾಮಾನ್ಯವಾಗಿ ಒಂದು ಪುಟದ ಆಹ್ವಾನ. ಪೂರ್ಣ ಒಪ್ಪಂದವನ್ನು ಅಲ್ಲಿಗೆ ಬಂದ ಮೇಲೆ ಕೊಡುತ್ತೇವೆ ಎನ್ನುವ ಶಾಲೆ ನಿಮ್ಮ ಸಹಿಯನ್ನು ನೀವು ದುರ್ಬಲರಾಗಿರುವ ಹೊತ್ತಿನಲ್ಲಿ ಪಡೆಯಲು ಬಯಸುತ್ತಿದೆ. ಹೊರಡುವ ಮೊದಲೇ ಎರಡೂ ಕಡೆಯ ಸಹಿಯಿರುವ ಪೂರ್ಣ ಪ್ರತಿ ನಿಮ್ಮ ಬಳಿಯಿರಬೇಕು.

ಒಪ್ಪಂದ ಓದುವಾಗ ಸಂಬಳದ ಸಾಲನ್ನು ಬಿಟ್ಟು ಉಳಿದ ಸಾಲುಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ವಾರಕ್ಕೆ ಎಷ್ಟು ಗಂಟೆ ಎಂದು ಬರೆದಿದ್ದರೆ ಅದು ಪಾಠದ ಗಂಟೆಯೋ ಶಾಲೆಯಲ್ಲಿರಬೇಕಾದ ಒಟ್ಟು ಗಂಟೆಯೋ ಎಂದು ಕೇಳಬೇಕು. 25 ಗಂಟೆಯ ಪಾಠವೆಂದು ಹೇಳಿ, ತಯಾರಿ, ಮೌಲ್ಯಮಾಪನ, ಬಸ್ ಮೇಲ್ವಿಚಾರಣೆ, ಶನಿವಾರದ ಪ್ರವೇಶ ಮೇಳ ಸೇರಿಸಿದಾಗ ಅದು 50 ದಾಟುವುದುಂಟು. ‘ಆಡಳಿತ ಸೂಚಿಸುವ ಇತರ ಕೆಲಸಗಳು’ ಎಂಬ ಸಾಲು ಎಲ್ಲ ಒಪ್ಪಂದಗಳಲ್ಲೂ ಇರುತ್ತದೆ, ಅದನ್ನು ತೆಗೆಸಲು ಆಗಲಿಕ್ಕಿಲ್ಲ, ಆದರೆ ವಾರದ ಒಟ್ಟು ಗಂಟೆಗೆ ಒಂದು ಮಿತಿ ಬರೆಸಿಕೊಳ್ಳಲು ಪ್ರಯತ್ನಿಸಬಹುದು. ಬೇಸಿಗೆ ರಜೆಗೆ ಸಂಬಳ ಇದೆಯೇ, ವರ್ಷಕ್ಕೆ 10 ತಿಂಗಳ ಸಂಬಳವೋ 12 ತಿಂಗಳದೋ ಎಂಬುದು ಸ್ಪಷ್ಟವಾಗಿರಲಿ.

ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಮೊತ್ತವನ್ನು ಬಾಂಡ್, ದಂಡ ಅಥವಾ ನೇಮಕಾತಿ ವೆಚ್ಚದ ಮರುಪಾವತಿ ಎಂಬ ಹೆಸರುಗಳಲ್ಲಿ ಬರೆದಿರುತ್ತಾರೆ. ವಿಮಾನದ ಟಿಕೆಟ್ಟಿನ ಹಣ ಹಿಂದಿರುಗಿಸಬೇಕೆಂಬುದು ಒಪ್ಪತಕ್ಕ ಮಾತು. ಮೂರು ತಿಂಗಳ ಸಂಬಳವನ್ನೋ ‘ಶಾಲೆಗೆ ಆದ ನಷ್ಟ’ ಎಂಬ ಅಳತೆಯಿಲ್ಲದ ಮೊತ್ತವನ್ನೋ ಕೇಳುವ ಷರತ್ತು ನಿಮ್ಮನ್ನು ಕಟ್ಟಿಹಾಕಲೆಂದೇ ಇರುವಂಥದ್ದು. ಪ್ರೊಬೇಷನ್ ಅವಧಿಯನ್ನೂ ಗಮನಿಸಿ. ಎಮಿರೇಟ್ಸ್‌ನಲ್ಲಿ ಅದು ಆರು ತಿಂಗಳು ಮೀರುವಂತಿಲ್ಲ. ಶಾಲೆ ನಿಮ್ಮನ್ನು ಎರಡು ವಾರದಲ್ಲಿ ಕಳುಹಿಸಬಹುದು, ನೀವು ಮಾತ್ರ ಮೂರು ತಿಂಗಳು ಮೊದಲೇ ತಿಳಿಸಬೇಕು ಎಂಬ ಏಕಪಕ್ಷೀಯ ನೋಟಿಸ್ ಷರತ್ತು ಕಂಡರೆ ಉಳಿದ ಪುಟಗಳನ್ನೂ ಅದೇ ಕೈ ಬರೆದಿದೆ ಎಂದು ತಿಳಿಯಿರಿ.

ವರ್ಷಾಂತ್ಯದ ಬೋನಸ್ಸಿನ ವಿಚಾರದಲ್ಲಿ ದಕ್ಷಿಣ ಕೊರಿಯಾದ ಖಾಸಗಿ ಬೋಧನಾ ಕೇಂದ್ರಗಳ ಹಳೆಯ ತಂತ್ರವೊಂದು ಪಾಠವಾಗಬಲ್ಲದು. ಅಲ್ಲಿ ಒಂದು ವರ್ಷ ಪೂರೈಸಿದ ಉದ್ಯೋಗಿಗೆ ಕೆಲಸ ಬಿಡುವಾಗ ಕನಿಷ್ಠ ಒಂದು ತಿಂಗಳ ಸರಾಸರಿ ಸಂಬಳದಷ್ಟು ನಿವೃತ್ತಿ ಧನ ಕೊಡಬೇಕೆಂದು ಕಾನೂನು ಹೇಳುತ್ತದೆ. ಅದನ್ನು ತಪ್ಪಿಸಲು ಕೆಲವು ಮಾಲೀಕರು ಹನ್ನೊಂದನೆಯ ತಿಂಗಳಿನಲ್ಲಿ ಏನಾದರೊಂದು ತಪ್ಪು ಹುಡುಕಿ ಶಿಕ್ಷಕರನ್ನು ತೆಗೆದುಹಾಕುವುದುಂಟು. ಯಾವ ದೇಶಕ್ಕೇ ಹೋದರೂ, ಕೊನೆಯ ದಿನದಂದು ಮಾತ್ರ ಕೈಗೆ ಸಿಗುವ ಹಣವನ್ನು ಸಂಬಳದ ಭಾಗವೆಂದು ಲೆಕ್ಕ ಹಾಕಿಕೊಳ್ಳಬೇಡಿ.

ಒಪ್ಪಂದ ಎರಡು ಭಾಷೆಗಳಲ್ಲಿದೆ. ಯಾವುದು ಮಾನ್ಯ?

ಅದನ್ನು ಒಪ್ಪಂದವೇ ಹೇಳಬೇಕು, ಹೇಳದಿದ್ದರೆ ಸಾಮಾನ್ಯವಾಗಿ ಆ ದೇಶದ ಆಡಳಿತ ಭಾಷೆಯ ಪ್ರತಿಗೇ ನ್ಯಾಯಾಲಯ ಬೆಲೆ ಕೊಡುತ್ತದೆ. ಇಂಗ್ಲಿಷಿನ ಪ್ರತಿಯಲ್ಲಿ ಒಂದು ಸಂಬಳ, ಸ್ಥಳೀಯ ಭಾಷೆಯಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಪ್ರತಿಯಲ್ಲಿ ಅದಕ್ಕಿಂತ ಕಡಿಮೆ ಸಂಬಳ ಬರೆಯುವುದು ತೆರಿಗೆ ಉಳಿಸುವ ಉಪಾಯವೆಂದು ಶಾಲೆ ಹೇಳಬಹುದು. ವ್ಯಾಜ್ಯ ಬಂದಾಗ ಮಾತ್ರ ನಿಮ್ಮ ಸಂಬಳ ಸರ್ಕಾರದ ದಾಖಲೆಯಲ್ಲಿರುವಷ್ಟೇ ಆಗಿಬಿಡುತ್ತದೆ. ಶಾಲೆಗೆ ಸಂಬಂಧವಿಲ್ಲದ ಅನುವಾದಕರೊಬ್ಬರಿಂದ ಸ್ಥಳೀಯ ಪ್ರತಿಯನ್ನು ಓದಿಸಲು ಆಗುವ ಖರ್ಚು ಈ ಇಡೀ ಪ್ರಯಾಣದ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದುದು.

ಶಾಲೆ ನಿಜವಾಗಿ ಇದೆಯೇ, ಮಾನ್ಯತೆ ಪಡೆದಿದೆಯೇ ಎಂದು ಮನೆಯಿಂದಲೇ ತಿಳಿಯುವುದು ಹೇಗೆ?

ಶಾಲೆ ತನ್ನ ಜಾಲತಾಣದಲ್ಲಿ ಹಾಕಿಕೊಂಡಿರುವ ಲಾಂಛನಗಳನ್ನು ನಂಬದೆ, ಆ ಲಾಂಛನ ಯಾರದೋ ಅವರ ಜಾಲತಾಣಕ್ಕೇ ಹೋಗಿ ಹುಡುಕುವುದು ಸರಿಯಾದ ದಾರಿ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ (ಐಬಿ) ಮತ್ತು ಕೇಂಬ್ರಿಡ್ಜ್ ಎಂಬ ಪಠ್ಯಕ್ರಮ ಸಂಸ್ಥೆಗಳು ತಮ್ಮ ಅನುಮತಿ ಪಡೆದ ಶಾಲೆಗಳನ್ನು ಹುಡುಕುವ ಸೌಲಭ್ಯವನ್ನು ಸಾರ್ವಜನಿಕವಾಗಿ ಇಟ್ಟಿವೆ. ‘ಐಬಿ ಅಭ್ಯರ್ಥಿ ಶಾಲೆ’ ಎಂದರೆ ಇನ್ನೂ ಅನುಮತಿ ಸಿಕ್ಕಿಲ್ಲ ಎಂದೇ ಅರ್ಥ. ಶಾಲೆಗಳಿಗೆ ಮಾನ್ಯತೆ ಕೊಡುವ ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್‌ನ ಸದಸ್ಯತ್ವ ಒಂದು ಸಂಗತಿ, ಅದರ ಮಾನ್ಯತೆ ಬೇರೊಂದು ಸಂಗತಿ. ಸದಸ್ಯತ್ವವನ್ನೇ ಮಾನ್ಯತೆಯೆಂದು ಬಿಂಬಿಸುವ ಶಾಲೆಗಳಿವೆ.

ಸರ್ಕಾರಿ ಮೂಲಗಳು ಇನ್ನೂ ಉಪಯುಕ್ತ. ದುಬೈನ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಮಾಡುವ ಪ್ರಾಧಿಕಾರ ವರ್ಷಗಳ ಕಾಲ ತಪಾಸಣಾ ವರದಿಗಳನ್ನು ‘ಅತ್ಯುತ್ತಮ’ದಿಂದ ‘ತೀರಾ ದುರ್ಬಲ’ದವರೆಗಿನ ಶ್ರೇಣಿಗಳೊಂದಿಗೆ ಪ್ರಕಟಿಸಿದೆ. ಅವುಗಳಲ್ಲಿ ಶಿಕ್ಷಕರ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ, ಶಿಕ್ಷಕರು ಬಿಟ್ಟುಹೋಗುವ ಪ್ರಮಾಣ ಮುಂತಾದ ವಿವರಗಳು ಸಿಗುತ್ತವೆ. ಬ್ರಿಟನ್ನಿಗೆ ಹೋಗುವವರು ವಿದೇಶಿಯರನ್ನು ನೇಮಿಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಸರ್ಕಾರಿ ಪಟ್ಟಿಯನ್ನು ಉಚಿತವಾಗಿ ನೋಡಬಹುದು. ಅದರಲ್ಲಿ ಹೆಸರಿಲ್ಲದ ಶಾಲೆ ಕೊಡುವ ಪ್ರಾಯೋಜಕತ್ವದ ಭರವಸೆಗೆ ಬೆಲೆಯಿಲ್ಲ.

ಇಷ್ಟಾದ ಮೇಲೂ ಒಂದು ಮೋಸಕ್ಕೆ ಅವಕಾಶ ಉಳಿಯುತ್ತದೆ. ನಿಜವಾದ, ಹೆಸರುವಾಸಿ ಶಾಲೆಯ ಹೆಸರಿನಲ್ಲಿ ಬೇರೆ ಯಾರೋ ಪತ್ರ ಬರೆಯುತ್ತಿರಬಹುದು. ಇಮೇಲ್ ವಿಳಾಸದಲ್ಲಿ ಒಂದಕ್ಷರದ ವ್ಯತ್ಯಾಸವಿರುತ್ತದೆ, ಇಲ್ಲವೇ ಉಚಿತ ಇಮೇಲ್ ಖಾತೆಯಿಂದ ಪತ್ರ ಬಂದಿರುತ್ತದೆ. ಪತ್ರದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡರೆ ಪ್ರಯೋಜನವಿಲ್ಲ. ಸಂಖ್ಯೆಯನ್ನು ಬೇರೆ ಮೂಲದಿಂದ ಹುಡುಕಿ ಶಾಲೆಯ ಕಚೇರಿಗೆ ಕರೆ ಮಾಡಬೇಕು.

ಸಂದರ್ಶನದಲ್ಲಿ ಯಾವ ಸಂಗತಿಗಳಿಂದ ಎಚ್ಚರಗೊಳ್ಳಬೇಕು?

ಸಂದರ್ಶನವೇ ಇಲ್ಲದೆ ಕೆಲಸ ಕೊಟ್ಟರೆ ಅದೇ ಸಾಕಷ್ಟು ಎಚ್ಚರಿಕೆ. ಹಿಂದಿನ ಕೆಲಸದ ಕಡೆಯಿಂದ ಶಿಫಾರಸು ಕೇಳದ, ಪೊಲೀಸ್ ಪ್ರಮಾಣಪತ್ರ ಕೇಳದ ಶಾಲೆ ಮಕ್ಕಳ ಸುರಕ್ಷತೆಯ ಬಗ್ಗೆಯೂ ಹಾಗೆಯೇ ಇರುತ್ತದೆ, ನಾಳೆ ನಿಮ್ಮ ಪಕ್ಕದ ತರಗತಿಯಲ್ಲಿ ಯಾರಿರುತ್ತಾರೋ ಹೇಳಲಾಗದು. ಇವತ್ತು ಸಂಜೆಯೊಳಗೆ ಸಹಿ ಮಾಡಿ ಎಂಬ ಅವಸರ, ಪ್ರಶ್ನೆ ಕೇಳಿದಾಗ ತೋರುವ ಸಿಡಿಮಿಡಿ, ಶೈಕ್ಷಣಿಕ ವರ್ಷದ ನಡುವೆ ಖಾಲಿಯಾದ ಹುದ್ದೆಗೆ ಕಾರಣ ಹೇಳಲು ತಡವರಿಸುವುದು ಇವನ್ನೂ ಗಮನಿಸಿ. ನಿಮ್ಮ ಕಡೆಯಿಂದ ಒಂದು ಪ್ರಶ್ನೆ ಕೇಳಲು ಅವಕಾಶ ಸಿಕ್ಕರೆ ಹೀಗೆ ಕೇಳಿ: ಕಳೆದ ವರ್ಷ ಈ ವಿಭಾಗದಲ್ಲಿದ್ದ ವಿದೇಶಿ ಶಿಕ್ಷಕರಲ್ಲಿ ಎಷ್ಟು ಮಂದಿ ಒಪ್ಪಂದ ನವೀಕರಿಸಿದರು, ಅವರಲ್ಲಿ ಇಬ್ಬರೊಂದಿಗೆ ಮಾತನಾಡಲು ಸಾಧ್ಯವೇ? ಒಳ್ಳೆಯ ಪ್ರಾಂಶುಪಾಲರು ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ.

ಅಲ್ಲಿ ಕೆಲಸ ಮಾಡಿದವರನ್ನು ಏನು ಕೇಳಬೇಕು?

‘ಶಾಲೆ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ, ವಿಶೇಷವಾಗಿ ಅವರು ಇನ್ನೂ ಅಲ್ಲೇ ಇದ್ದರೆ. ಕಳೆದ ಆರು ತಿಂಗಳಲ್ಲಿ ಸಂಬಳ ಯಾವ ಯಾವ ತಾರೀಖಿಗೆ ಜಮೆಯಾಯಿತು, ಬಂದಿಳಿದ ಎಷ್ಟು ದಿನಕ್ಕೆ ಕೆಲಸದ ಪರವಾನಗಿ ಸಿಕ್ಕಿತು, ಪಾಸ್‌ಪೋರ್ಟ್ ಈಗ ಎಲ್ಲಿದೆ, ಕಾಯಿಲೆ ಬಿದ್ದ ದಿನ ಸಂಬಳ ಕಡಿತವಾಯಿತೇ ಎಂದು ನಿರ್ದಿಷ್ಟವಾಗಿ ಕೇಳಿ. ಬಿಟ್ಟು ಬಂದವರ ಮಾತಿನಲ್ಲಿ ಸಿಟ್ಟು ಬೆರೆತಿರುತ್ತದೆ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ. ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ವರ್ಷಗಳಲ್ಲಿ ಕೆಲಸ ಮಾಡಿದ ಇಬ್ಬರು ಒಂದೇ ದೂರು ಹೇಳಿದರೆ ಅದನ್ನು ನಂಬುವುದೇ ಕ್ಷೇಮ.

ಶಾಲೆ ಪಾಸ್‌ಪೋರ್ಟನ್ನೂ ಮೂಲ ಪ್ರಮಾಣಪತ್ರಗಳನ್ನೂ ಕೇಳುತ್ತಿದೆ. ಕೊಡಬೇಕೇ?

ವೀಸಾ ಮುದ್ರೆಗಾಗಿ ಕೆಲವು ದಿನ ಪಾಸ್‌ಪೋರ್ಟ್ ಕೊಡಬೇಕಾಗಬಹುದು. ಕೊಟ್ಟಾಗ ಸ್ವೀಕೃತಿ ಪಡೆಯಿರಿ, ಹಿಂದಿರುಗಿಸುವ ದಿನವನ್ನು ಬರೆಸಿಕೊಳ್ಳಿ. ‘ಸುರಕ್ಷಿತವಾಗಿರಲಿ’ ಎಂದು ಶಾಲೆಯ ಕಪಾಟಿನಲ್ಲಿಡುವುದು ಮಾತ್ರ ಬೇಡ. ಮಾಲೀಕರು ಉದ್ಯೋಗಿಯ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಹಲವು ದೇಶಗಳಲ್ಲಿ ಅಪರಾಧ. ಕತಾರ್ 2015ರ ಕಾನೂನಿನಲ್ಲಿ ಇದಕ್ಕೆ 25,000 ರಿಯಾಲ್‌ವರೆಗೆ ದಂಡ ನಿಗದಿ ಮಾಡಿದೆ, ಎಮಿರೇಟ್ಸ್‌ನ ಕಾರ್ಮಿಕ ಕಾನೂನೂ ಇದನ್ನು ನಿಷೇಧಿಸುತ್ತದೆ. ಕಾನೂನು ಇದ್ದರೂ ಪದ್ಧತಿ ಪೂರ್ತಿ ನಿಂತಿಲ್ಲ.

ಪದವಿಯ ಮೂಲ ಪ್ರತಿಯನ್ನು ಕೊರಿಯರ್ ಮಾಡಲು ಹೇಳಿದರೆ, ದೃಢೀಕರಿಸಿದ ನಕಲು ಸಾಕಾಗದೇ ಎಂದು ಮೊದಲು ವಿಚಾರಿಸಿ. 1961ರ ಹೇಗ್ ಒಡಂಬಡಿಕೆಗೆ ಸೇರಿದ ದೇಶಗಳ ನಡುವೆ ಸಾಮಾನ್ಯವಾಗಿ ಅಪೊಸ್ಟೀಲ್ ಎಂಬ ದೃಢೀಕರಣ ಮುದ್ರೆಯೊಂದೇ ಸಾಕು. ಚೀನಾದಲ್ಲೂ ಈ ಒಡಂಬಡಿಕೆ 2023ರ ನವೆಂಬರ್ 7ರಿಂದ ಜಾರಿಯಲ್ಲಿದೆ. ಒಡಂಬಡಿಕೆಗೆ ಸೇರದ ದೇಶಕ್ಕಾದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಹೊರಡುವ ಮುನ್ನ ಎಲ್ಲ ದಾಖಲೆಗಳನ್ನೂ ಸ್ಕ್ಯಾನ್ ಮಾಡಿ ನಿಮ್ಮ ಖಾಸಗಿ ಇಮೇಲ್‌ನಲ್ಲಿ ಉಳಿಸಿಕೊಳ್ಳಿ. ಶಾಲೆ ಕೊಟ್ಟ ಇಮೇಲ್ ಖಾತೆ ಕೆಲಸ ಹೋದ ದಿನವೇ ಮುಚ್ಚಿಹೋಗುತ್ತದೆ.

ದೊಡ್ಡ, ಹೆಸರಾಂತ ಸಂಸ್ಥೆಯಾದರೆ ಚಿಂತೆಯಿಲ್ಲವಲ್ಲವೇ?

ಜಪಾನಿನ ನೋವಾ ಒಂದು ಕಾಲಕ್ಕೆ ಆ ದೇಶದ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಜಾಲವಾಗಿತ್ತು. 2007ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳಿಗೆ ಹಣ ಹಿಂದಿರುಗಿಸುವ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಅದರ ವಿರುದ್ಧ ಬಂತು, ಜೂನ್‌ನಲ್ಲಿ ಸರ್ಕಾರ ಅದರ ವ್ಯವಹಾರದ ಮೇಲೆ ಭಾಗಶಃ ನಿರ್ಬಂಧ ಹೇರಿತು, ಅದಾದ ಕೆಲವು ತಿಂಗಳಲ್ಲಿ ಸಂಬಳ ತಡವಾಗತೊಡಗಿತು, ಅಕ್ಟೋಬರಿನಲ್ಲಿ ಸಂಸ್ಥೆಯೇ ಕುಸಿಯಿತು. ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಉಳಿದರು. ಅವರ ಸಂಬಳದಿಂದ ಬಾಡಿಗೆ ಮುರಿದುಕೊಂಡ ಸಂಸ್ಥೆ ಅದನ್ನು ಮನೆ ಮಾಲೀಕರಿಗೆ ತಲುಪಿಸಿರಲಿಲ್ಲವಾದ್ದರಿಂದ ಹಲವರಿಗೆ ಮನೆ ಬಿಡುವ ನೋಟಿಸೂ ಬಂತು. ಸೂಚನೆಗಳು ಆರು ತಿಂಗಳಿಂದ ಸುದ್ದಿಪತ್ರಿಕೆಗಳಲ್ಲಿದ್ದವು ಎಂಬುದನ್ನು ಮರೆಯಬಾರದು. ಜಪಾನಿನಲ್ಲಿ ದಿವಾಳಿಯಾದ ಸಂಸ್ಥೆಯ ಉದ್ಯೋಗಿಗಳಿಗೆ ಬಾಕಿ ಸಂಬಳದ ಶೇ 80ರಷ್ಟನ್ನು ಒಂದು ಮಿತಿಗೆ ಒಳಪಟ್ಟು ಸರ್ಕಾರವೇ ಕೊಡುವ ವ್ಯವಸ್ಥೆಯಿದೆ, ಇಂಥ ಆಸರೆ ಇಲ್ಲದ ದೇಶಗಳೇ ಹೆಚ್ಚು.

ಸರ್ಕಾರದ ನೀತಿ ಬದಲಾದರೂ ಇದೇ ಗತಿ. 2021ರ ಜುಲೈನಲ್ಲಿ ಚೀನಾ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ನಿನಲ್ಲಿ ಲಾಭ ಗಳಿಸುವುದನ್ನು ನಿಷೇಧಿಸಿದಾಗ ನಿನ್ನೆಯವರೆಗೆ ಶಿಕ್ಷಕರನ್ನು ಕರೆಯುತ್ತಿದ್ದ ಕಂಪನಿಗಳು ಕೆಲವೇ ತಿಂಗಳಲ್ಲಿ ಬಾಗಿಲು ಮುಚ್ಚಿದವು.

ಕುಟುಂಬವನ್ನೂ ಕರೆದುಕೊಂಡು ಹೋಗಬಹುದೇ?

ಮೊದಲ ಮೂರು ತಿಂಗಳ ಸಂಬಳ ಸರಿಯಾಗಿ ಬಂದು, ನಿಮ್ಮ ವಾಸದ ಪರವಾನಗಿ ಕೈಗೆ ಸಿಕ್ಕಿದ ಮೇಲೆ ಕರೆಸಿಕೊಳ್ಳುವುದು ಮೇಲು. ಮಕ್ಕಳಿಗೆ ಅದೇ ಶಾಲೆಯಲ್ಲಿ ಉಚಿತ ಶಿಕ್ಷಣವೆಂಬುದು ಆಕರ್ಷಕ ಸೌಲಭ್ಯ, ಆದರೆ ಬಿಡಬೇಕಾದ ದಿನ ಅದೇ ಅತ್ಯಂತ ಭಾರವಾದ ಸಂಕೋಲೆಯಾಗುತ್ತದೆ.

ಅಲ್ಲಿಗೆ ತಲುಪಿದ ಮೇಲೆ ಎಲ್ಲವೂ ಬೇರೆಯೇ ಎಂದು ತಿಳಿದರೆ ಏನು ಮಾಡಬೇಕು?

ಮೊದಲ ವಾರದಲ್ಲೇ ಹೊಸ ಒಪ್ಪಂದ ಮುಂದಿಟ್ಟು ಸಹಿ ಕೇಳಿದರೆ, ‘ಓದಿ ನಾಳೆ ಕೊಡುತ್ತೇನೆ’ ಎಂದು ಹೇಳಿ ಪ್ರತಿಯನ್ನು ಪಡೆಯಿರಿ, ಕಡೆಯ ಪಕ್ಷ ಚಿತ್ರ ತೆಗೆದುಕೊಳ್ಳಿ. ಅಂದಿನಿಂದಲೇ ದಾಖಲೆ ಇಡಲು ಶುರು ಮಾಡಬೇಕು. ಯಾವ ದಿನ ಎಷ್ಟು ಗಂಟೆ ಪಾಠ ಮಾಡಿದಿರಿ, ಯಾರು ಏನು ಹೇಳಿದರು, ಎಷ್ಟು ಹಣ ಜಮೆಯಾಯಿತು ಎಂಬುದನ್ನು ಬರೆದಿಡಿ. ಬಾಯಿಮಾತಿನ ಸೂಚನೆ ಬಂದಾಗ ‘ತಾವು ಇಂದು ಹೀಗೆ ತಿಳಿಸಿದಿರಿ’ ಎಂದು ವಿನಯದಿಂದಲೇ ಇಮೇಲ್ ಬರೆದರೆ ಅದೂ ದಾಖಲೆಯಾಗುತ್ತದೆ. ಸಂಬಳವನ್ನು ನಗದಾಗಿ ಪಡೆಯಬೇಡಿ. ಎಮಿರೇಟ್ಸ್ 2009ರಿಂದ, ಕತಾರ್ 2015ರಿಂದ ಬ್ಯಾಂಕ್ ಮೂಲಕವೇ ಸಂಬಳ ಕೊಡುವ ವೇತನ ರಕ್ಷಣಾ ವ್ಯವಸ್ಥೆ ನಡೆಸುತ್ತಿರುವುದರ ಉದ್ದೇಶ, ತಡವಾದುದು ಸರ್ಕಾರದ ಕಣ್ಣಿಗೂ ಬೀಳಲಿ ಎಂಬುದು.

ನಿಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಹೋದ ತಕ್ಷಣ ಹೆಸರು ನೋಂದಾಯಿಸಿ. ಅವರು ಶಾಲೆಯಿಂದ ಸಂಬಳ ವಸೂಲು ಮಾಡಿಕೊಡಲಾರರು, ಸ್ಥಳೀಯ ನ್ಯಾಯಾಲಯದಲ್ಲಿ ವಾದಿಸಲೂ ಆರರು. ಆದರೆ ಕಳೆದುಹೋದ ಅಥವಾ ಕಸಿದುಕೊಂಡ ಪಾಸ್‌ಪೋರ್ಟಿಗೆ ಬದಲಾಗಿ ತುರ್ತು ಪ್ರಯಾಣ ದಾಖಲೆ ಕೊಡಬಲ್ಲರು, ವಕೀಲರ ಪಟ್ಟಿ ಕೊಡಬಲ್ಲರು. 1963ರ ವಿಯೆನ್ನಾ ಒಡಂಬಡಿಕೆಯ 36ನೇ ವಿಧಿಯಂತೆ, ನೀವು ಬಂಧನಕ್ಕೊಳಗಾದರೆ ನಿಮ್ಮ ದೂತಾವಾಸಕ್ಕೆ ತಿಳಿಸಬೇಕೆಂದು ಕೋರುವ ಹಕ್ಕು ನಿಮಗಿದೆ.

ಹೇಳದೆ ಕೇಳದೆ ರಾತ್ರೋರಾತ್ರಿ ಬಿಟ್ಟು ಬಂದರೆ?

ಜೀವಕ್ಕೋ ಮಾನಕ್ಕೋ ಅಪಾಯವಿದ್ದರೆ ಬಿಟ್ಟು ಬನ್ನಿ, ಉಳಿದುದನ್ನು ಆಮೇಲೆ ನೋಡಬಹುದು. ಹಾಗಲ್ಲದೆ ಬರಿಯ ಬೇಸರದಿಂದ ಓಡಿಬಂದರೆ ಪರಿಣಾಮಗಳಿವೆ. ಕೊಲ್ಲಿ ದೇಶಗಳಲ್ಲಿ ಮಾಲೀಕರು ಉದ್ಯೋಗಿ ಪರಾರಿಯಾಗಿದ್ದಾರೆಂದು ದೂರು ದಾಖಲಿಸಬಹುದು, ಅದರಿಂದ ಮರುಪ್ರವೇಶಕ್ಕೆ ನಿರ್ಬಂಧ ಬರಬಹುದು. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ಕೆಲಸ ಬದಲಾಯಿಸುವ ಮತ್ತು ದೇಶ ಬಿಡುವ ನಿಯಮಗಳನ್ನು ಸಡಿಲಿಸಿದ ಮೇಲೆ ಕಾನೂನುಬದ್ಧವಾಗಿ ಹೊರಬರುವ ದಾರಿ ಮೊದಲಿಗಿಂತ ಸುಗಮವಾಗಿದೆ. ಚೀನಾದಲ್ಲಿ ಹಳೆಯ ಶಾಲೆ ಬಿಡುಗಡೆ ಪತ್ರ ಕೊಟ್ಟು ಕೆಲಸದ ಪರವಾನಗಿ ರದ್ದು ಮಾಡದಿದ್ದರೆ ಹೊಸ ಶಾಲೆ ಸೇರುವುದು ಕಷ್ಟವಾದ್ದರಿಂದ, ಆ ಪತ್ರವೇ ಕೆಟ್ಟ ಮಾಲೀಕರ ಆಯುಧ.

ಸಾಲದ ವಿಷಯವನ್ನೂ ಇಲ್ಲೇ ಹೇಳಬೇಕು. ಹೊಸ ದೇಶದಲ್ಲಿ ಬ್ಯಾಂಕಿನವರು ಮೊದಲ ತಿಂಗಳಲ್ಲೇ ಕ್ರೆಡಿಟ್ ಕಾರ್ಡ್, ಕಾರಿನ ಸಾಲ ಹಿಡಿದುಕೊಂಡು ಬರುತ್ತಾರೆ. ತೀರಿಸದ ಸಾಲದ ಕಾರಣಕ್ಕೆ ದೇಶ ಬಿಡದಂತೆ ತಡೆಯಾಜ್ಞೆ ಬರುವ ದೇಶಗಳಿವೆ, ಎಮಿರೇಟ್ಸ್ ಅವುಗಳಲ್ಲೊಂದು. ಶಾಲೆ ಒಳ್ಳೆಯದೆಂದು ಖಚಿತವಾಗುವವರೆಗೆ ಸಾಲ ಬೇಡ. ಹಿಂದಿರುಗುವ ಟಿಕೆಟ್ಟಿಗೂ ಎರಡು ತಿಂಗಳ ಖರ್ಚಿಗೂ ಸಾಲುವಷ್ಟು ಹಣ ಶಾಲೆಗೆ ಗೊತ್ತಿಲ್ಲದ ಖಾತೆಯಲ್ಲಿರಲಿ.

ಬಾಕಿ ಸಂಬಳ ವಸೂಲಾಗುವ ಸಾಧ್ಯತೆ ಎಷ್ಟು?

ನೀವು ಆ ದೇಶದಲ್ಲಿ ಕಾನೂನುಬದ್ಧವಾಗಿ ಇರುವವರೆಗೆ ಸಾಧ್ಯತೆ ಚೆನ್ನಾಗಿಯೇ ಇದೆ. ಬಹಳಷ್ಟು ದೇಶಗಳ ಕಾರ್ಮಿಕ ಇಲಾಖೆಗಳು ದೂರನ್ನು ಉಚಿತವಾಗಿ ಸ್ವೀಕರಿಸಿ ಮೊದಲು ರಾಜಿಗೆ ಕರೆಯುತ್ತವೆ. ಪರವಾನಗಿಯ ಭಯವಿರುವ ಶಾಲೆ ಆ ಹಂತದಲ್ಲೇ ಹಣ ಕೊಡುವುದು ಸಾಮಾನ್ಯ. ದೇಶ ಬಿಟ್ಟ ಮೇಲೆ ದೂರದಿಂದ ನಡೆಸುವ ಹೋರಾಟ ದುಬಾರಿ, ಗೆದ್ದರೂ ವಸೂಲಿ ಬೇರೆಯೇ ಯುದ್ಧ. ದೂರಿಗೆ ಕಾಲಮಿತಿಯೂ ಇರುತ್ತದೆ. ಒಂದು ತಿಂಗಳ ಸಂಬಳ ಪೂರ್ತಿ ನಿಂತರೆ, ಎರಡನೆಯ ತಿಂಗಳು ಮುಗಿಯಲೆಂದು ಕಾಯದೆ ಇಲಾಖೆಗೆ ಹೋಗುವುದು ಒಳಿತು. ಹಲವು ಶಿಕ್ಷಕರಿಗೆ ಬಾಕಿ ಇದ್ದರೆ ಒಟ್ಟಾಗಿ ದೂರು ಕೊಡಿ, ಒಬ್ಬರನ್ನು ಹೆದರಿಸಿದಂತೆ ಹತ್ತು ಜನರನ್ನು ಹೆದರಿಸಲಾಗದು.

ಅರ್ಧದಲ್ಲೇ ಬಿಟ್ಟ ಶಾಲೆಯ ಹೆಸರನ್ನು ಮುಂದಿನ ಅರ್ಜಿಯಲ್ಲಿ ಬರೆಯಬೇಕೇ?

ಬರೆಯಬೇಕು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯ ಶಾಲೆಗಳು ಅಭ್ಯರ್ಥಿಯ ಉದ್ಯೋಗ ಚರಿತ್ರೆಯಲ್ಲಿರುವ ಪ್ರತಿಯೊಂದು ಖಾಲಿ ತಿಂಗಳಿಗೂ ವಿವರಣೆ ಕೇಳುತ್ತವೆ, ಪಾಸ್‌ಪೋರ್ಟಿನ ಮುದ್ರೆಗಳು ನೀವು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತವೆ. ‘ಒಪ್ಪಂದದ ಷರತ್ತುಗಳು ಪಾಲನೆಯಾಗದ ಕಾರಣ ಬಿಟ್ಟೆ, ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಿದ್ದೇನೆ’ ಎಂಬ ಎರಡು ಸಾಲು ಸಾಕು, ಸಂದರ್ಶನದಲ್ಲಿ ಅದಕ್ಕಿಂತ ಹೆಚ್ಚು ದೂರುವುದು ಬೇಡ. ಪ್ರಾಂಶುಪಾಲರು ಶಿಫಾರಸು ಕೊಡಲೊಪ್ಪದಿದ್ದರೆ ನಿಮ್ಮ ಪಾಠ ನೋಡಿದ ವಿಭಾಗ ಮುಖ್ಯಸ್ಥರನ್ನು ಕೇಳಿ. ಆ ದೇಶದ ಪೊಲೀಸ್ ಪ್ರಮಾಣಪತ್ರವನ್ನು ಅಲ್ಲಿರುವಾಗಲೇ ಪಡೆದುಕೊಂಡು ಬರಬೇಕು. ಮುಂದಿನ ಶಾಲೆ ಅದನ್ನು ಕೇಳಿಯೇ ಕೇಳುತ್ತದೆ, ಹಿಂದಿರುಗಿದ ಮೇಲೆ ಅದನ್ನು ತರಿಸಿಕೊಳ್ಳಲು ಬೆರಳಚ್ಚು, ದೃಢೀಕರಣ, ಅಂಚೆ ಎಂದು ತಿಂಗಳುಗಳೇ ಹಿಡಿಯಬಹುದು.